ವಾಟರ್‌ಟೌನಿನ ಪಡಸಾಲೆ

ಮೂರು ನಾಲ್ಕು ವರ್ಷದ ಮಗುವಿರುವ ಮನೆ ನಿಮ್ಮದಾದರೆ, 'ಎಲ್.ಕೆ.ಜಿ.' ಎಂಬ ಮಾತು ದಿನಕ್ಕೊಮ್ಮೆಯಾದರೂ ನಿಮ್ಮ ಕಿವಿಗೆ ಬೀಳುತ್ತಿರಬೇಕು. ಅದರ ಕೊನೆಯ ಎರಡಕ್ಷರಗಳ ಮೂಲ ಇಂಗ್ಲಿಷ್ ಅಲ್ಲ, ಜರ್ಮನ್. ಕಿಂಡರ್ ಎಂದರೆ ಮಕ್ಕಳು, ಗಾರ್ಟನ್ ಎಂದರೆ ತೋಟ. 1840ರಲ್ಲಿ ಫ್ರೆಡ್ರಿಕ್ ಫ್ರೋಬೆಲ್ ಎಂಬ ಜರ್ಮನ್ ಉಪಾಧ್ಯಾಯರು ತಮ್ಮ ಶಿಶುಶಾಲೆಗೆ ಇಟ್ಟ ಹೆಸರು ಅದು. ಆ ಹೆಸರು ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕದಲ್ಲಿ ಬೇರೂರಿದ್ದಕ್ಕೆ ಒಬ್ಬ ಗೃಹಿಣಿ ಬಹುಮಟ್ಟಿಗೆ ಕಾರಣಳು. ಆಕೆಯ ಪತಿಯ ಹೆಸರು ಆ ದೇಶದ ಚರಿತ್ರೆಯಲ್ಲಿ ಎದ್ದು ಕಾಣುತ್ತದೆ. ಆಕೆಯದನ್ನು ಹುಡುಕಿ ಓದಬೇಕು.

ಆಕೆ ಮಾರ್ಗರೆಟೆ ಮೇಯರ್. ಹುಟ್ಟಿದ್ದು 1833ರಲ್ಲಿ, ಹ್ಯಾಂಬರ್ಗ್ ನಗರದಲ್ಲಿ. ತಂದೆ ಊರುಗೋಲು ತಯಾರಿಸುವ ಕಾರ್ಖಾನೆಯ ಒಡೆಯರು, ಅನುಕೂಲವಂತರು. ಮನೆಯಲ್ಲಿ ಎಲ್ಲವೂ ಇತ್ತು, ತಾಯಿಯೊಬ್ಬಳ ಹೊರತು. ಮಾರ್ಗರೆಟೆಯನ್ನು ಹೆತ್ತ ಬೆನ್ನಲ್ಲೇ ಆ ತಾಯಿ ಕಣ್ಣು ಮುಚ್ಚಿದ್ದಳು.

1849ರಲ್ಲಿ ಫ್ರೋಬೆಲ್ ಹ್ಯಾಂಬರ್ಗಿಗೆ ಬಂದು ಉಪನ್ಯಾಸಗಳನ್ನು ಕೊಟ್ಟರು. ಹದಿನಾರು ವರ್ಷದ ಮಾರ್ಗರೆಟೆ ಅಕ್ಕ ಬರ್ಟಾಳೊಡನೆ ಹೋಗಿ ಕುಳಿತು ಕೇಳಿದಳು. ಫ್ರೋಬೆಲರೂ ತಾಯಿಯಿಲ್ಲದೆ ಬೆಳೆದವರೇ. ಒಂಬತ್ತು ತಿಂಗಳ ಕೂಸಾಗಿದ್ದಾಗ ತಾಯಿಯನ್ನು ಕಳೆದುಕೊಂಡವರು. ತಾಯಿ ಮಗುವಿನೊಡನೆ ಸಹಜವಾಗಿ ಆಡುವ ಆಟವನ್ನೇ ವಿದ್ಯೆಯ ಮೊದಲ ಮೆಟ್ಟಿಲನ್ನಾಗಿ ಮಾಡಬೇಕೆಂದು ಅವರು ಜೀವಮಾನವೆಲ್ಲ ಶ್ರಮಿಸಿದರು. ಬಣ್ಣದ ಉಣ್ಣೆಯ ಆರು ಚೆಂಡುಗಳು. ಬಳಿಕ ಮರದ ಗುಂಡು, ಉರುಳೆ, ಘನ. ಆಮೇಲೆ ಎಂಟು ತುಂಡಾಗಿ ಬಿಚ್ಚಿ ಮತ್ತೆ ಒಂದಾಗಿ ಕೂಡಿಸಬಹುದಾದ ಘನ. ಇವನ್ನು ಅವರು 'ಕಾಣಿಕೆಗಳು' ಎಂದು ಕರೆದರು. ಇವುಗಳ ಜೊತೆಗೆ ಹಾಡು, ಬೆರಳಾಟ, ಕಾಗದ ಮಡಿಸುವುದು, ಗಿಡ ನೆಡುವುದು. ಅಕ್ಷರ ತಿದ್ದಿಸುವುದು ಇದರಲ್ಲಿಲ್ಲವೆಂಬುದನ್ನು ಗಮನಿಸಿ. ಎಳೆಯ ಬೆರಳುಗಳಿಗೆ ಪೆನ್ಸಿಲ್ ಹಿಡಿಸಿ ಪುಟಗಟ್ಟಲೆ ಬರೆಯಿಸುವ ನಮ್ಮ ಎಷ್ಟೋ ಎಲ್.ಕೆ.ಜಿ.ಗಳನ್ನು ಕಂಡಿದ್ದರೆ ಅವರು ಏನೆನ್ನುತ್ತಿದ್ದರೋ!

ಆಟದ ಶಾಲೆಯೂ ಸರ್ಕಾರದ ಕಣ್ಣಿಗೆ ಅಪಾಯವಾಗಿ ಕಂಡ ಕಾಲವದು. 1848ರ ಕ್ರಾಂತಿಯನ್ನು ಅಡಗಿಸಿದ ಪ್ರಷ್ಯದ ಅಧಿಕಾರಿಗಳು, ನಾಸ್ತಿಕತೆಯನ್ನೂ ಸಮಾಜವಾದವನ್ನೂ ಬಿತ್ತುತ್ತವೆಂದು ಆರೋಪಿಸಿ, 1851ರಲ್ಲಿ ಈ ಶಿಶುಶಾಲೆಗಳನ್ನು ನಿಷೇಧಿಸಿದರು. ಫ್ರೋಬೆಲರ ಸೋದರನ ಮಗನೊಬ್ಬ ಬರೆದ ಪುಸ್ತಿಕೆಯನ್ನು ಅವರದೆಂದೇ ಭಾವಿಸಿ ಹೀಗೆ ಮಾಡಿದರಂತೆ. ಮರುವರ್ಷವೇ ಫ್ರೋಬೆಲ್ ತೀರಿಕೊಂಡರು. ನಿಷೇಧ ತೆರವಾದದ್ದು 1860ರಲ್ಲಿ.

ಅಷ್ಟರಲ್ಲಿ ಬರ್ಟಾ ಲಂಡನ್ನಿಗೆ ಹೋಗಿ ಅಲ್ಲಿ ಮಕ್ಕಳ ತೋಟವನ್ನು ತೆರೆದಿದ್ದಳು. ಅಕ್ಕನಿಗೆ ನೆರವಾಗಲೆಂದು ಹೋದ ಮಾರ್ಗರೆಟೆ ಕಾರ್ಲ್ ಶೂರ್ಜ್ ಎಂಬ ತರುಣನನ್ನು ಕಂಡದ್ದು ಅಕ್ಕನ ಮನೆಯಲ್ಲೇ. ಆತ ಕ್ರಾಂತಿಕಾರಿ, ಮುತ್ತಿಗೆಗೆ ಸಿಕ್ಕ ರಾಸ್ಟಟ್ ಕೋಟೆಯಿಂದ ಚರಂಡಿಯ ಸುರಂಗದೊಳಗೆ ತೆವಳಿ ಪಾರಾದವನು, 1850ರಲ್ಲಿ ಮತ್ತೆ ಕದ್ದು ಪ್ರಷ್ಯಕ್ಕೆ ಹೋಗಿ ಸ್ಪಾಂಡೌ ಸೆರೆಮನೆಯಿಂದ ತನ್ನ ಗುರುವನ್ನು ಬಿಡಿಸಿ ತಂದವನು. 1852ರ ಜುಲೈಯಲ್ಲಿ ಅವರ ಮದುವೆಯಾಯಿತು. ವಧುವಿಗೆ ಹದಿನೆಂಟು, ವರನಿಗೆ ಇಪ್ಪತ್ತಮೂರು. ಸೆಪ್ಟೆಂಬರಿನಲ್ಲಿ ಇಬ್ಬರೂ ನ್ಯೂಯಾರ್ಕ್ ಬಂದರಿನಲ್ಲಿ ಇಳಿದರು. ಫಿಲಡೆಲ್ಫಿಯದಲ್ಲಿ ಬಿಡಾರ ಹೂಡಿದರು. 1853ರಲ್ಲಿ ಮೊದಲ ಮಗಳು ಆಗಾಥೆ ಅಲ್ಲಿ ಹುಟ್ಟಿದಳು.

1856ರಲ್ಲಿ ಸಂಸಾರ ವಿಸ್ಕಾನ್ಸಿನ್ ರಾಜ್ಯದ ವಾಟರ್‌ಟೌನ್ ಎಂಬ ಸಣ್ಣ ಊರಿಗೆ ಬಂತು. ಅಲ್ಲಿ ಕಾರ್ಲನ ತಂದೆತಾಯಿಗಳಿದ್ದರು, ಬಂಧುಗಳಿದ್ದರು, ಜರ್ಮನರ ಮನೆಗಳು ಬೇಕಾದಷ್ಟಿದ್ದವು. ಪತಿಗೆ ರಾಜಕೀಯದ ಹುಚ್ಚು. ಊರೂರು ಸುತ್ತಿ ಗುಲಾಮಗಿರಿಯ ವಿರುದ್ಧ ಭಾಷಣ ಮಾಡಬೇಕು. ಮನೆಯಲ್ಲಿ ಮೂರು ವರ್ಷದ ಮಗಳು. ಮಾರ್ಗರೆಟೆ ಏನು ಮಾಡಿದಳು? ಆಗಾಥೆಯನ್ನೂ ನೆಂಟರ ಮನೆಯ ನಾಲ್ಕು ಮಕ್ಕಳನ್ನೂ ಪಡಸಾಲೆಯಲ್ಲಿ ಸೇರಿಸಿಕೊಂಡು ಹಾಡು ಕಲಿಸಿದಳು, ಆಟವಾಡಿಸಿದಳು, ಫ್ರೋಬೆಲರ ಕಾಣಿಕೆಗಳನ್ನು ಕೈಗಿತ್ತಳು. ನಡೆದದ್ದೆಲ್ಲ ಜರ್ಮನ್ ಭಾಷೆಯಲ್ಲಿ. ಅಮೆರಿಕದ ಮೊದಲ ಕಿಂಡರ್‌ಗಾರ್ಟನ್ ಎಂದು ಇಂದು ಹೆಸರಾಗಿರುವುದು ಈ ಐದು ಮಕ್ಕಳ ಕೂಟ. (ಓಹಿಯೋ ರಾಜ್ಯದವರು ಆ ಕೀರ್ತಿ ತಮ್ಮೂರಿನ ಇನ್ನೊಬ್ಬ ಜರ್ಮನ್ ಮಹಿಳೆಯದೆನ್ನುತ್ತಾರೆ, ಆ ವ್ಯಾಜ್ಯ ನಮಗೆ ಬೇಡ.) ಬರಬರುತ್ತ ನೆರೆಹೊರೆಯ ಮಕ್ಕಳೂ ಬಂದರು, ಪಡಸಾಲೆ ಸಾಲದೆ ಊರೊಳಗಿನ ಪುಟ್ಟ ಕಟ್ಟಡವೊಂದಕ್ಕೆ ಹೋಗಬೇಕಾಯಿತು. ಶಾಲೆಯನ್ನು ಆಕೆ ನಡೆಸಿದ್ದು ಬಹಳ ಕಾಲವೇನಲ್ಲ. ಮೈಯಲ್ಲಿ ಆರೋಗ್ಯವಿರಲಿಲ್ಲ. ಬೇರೆಯವರು ಅದನ್ನು ಮುಂದುವರಿಸಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಭಾಷೆಯ ಮೇಲೆ ಜನರಿಗೆ ದ್ವೇಷ ಹುಟ್ಟಿದಾಗ ಅದು ಮುಚ್ಚಿತು. ಆ ಪುಟ್ಟ ಕಟ್ಟಡವನ್ನು 1956ರಲ್ಲಿ ಇದ್ದಲ್ಲಿಂದ ಸಾಗಿಸಿ ಅದೇ ಊರಿನ ಆಕ್ಟಗನ್ ಹೌಸ್ ಎಂಬ ಹಳೆಯ ಮನೆಯ ಆವರಣದಲ್ಲಿ ನಿಲ್ಲಿಸಿದರು.

ಇಷ್ಟಕ್ಕೇ ಮುಗಿದಿದ್ದರೆ ಈ ಕಥೆ ವಾಟರ್‌ಟೌನಿನ ಎಲ್ಲೆ ದಾಟುತ್ತಿರಲಿಲ್ಲ. 1859ರಲ್ಲಿ ಮಾರ್ಗರೆಟೆ ಮಗಳೊಡನೆ ಬಾಸ್ಟನ್ನಿಗೆ ಹೋಗಿದ್ದಳು. ಅಲ್ಲಿ ಎಲಿಜಬೆತ್ ಪೀಬಡಿ ಎಂಬ ಹೆಸರಾಂತ ವಿದುಷಿಯ ಕಣ್ಣು ಆಗಾಥೆಯ ಮೇಲೆ ಬಿತ್ತು. ಮಗುವಿನ ನಡೆನುಡಿ ಕಂಡು ಆಕೆ ಬೆರಗಾದಳು. ಇವಳನ್ನು ಹೇಗೆ ಬೆಳೆಸಿದಿರಿ ಎಂದು ಕೇಳಿದಳು. ಮಾರ್ಗರೆಟೆ ಫ್ರೋಬೆಲರ ವಿಚಾರವನ್ನೆಲ್ಲ ಹೇಳಿದಳು, ಅವರ ಬರಹವನ್ನೂ ಕಳುಹಿಸಿಕೊಟ್ಟಳು. 1860ರಲ್ಲಿ ಪೀಬಡಿ ಬಾಸ್ಟನ್ನಿನಲ್ಲಿ ಇಂಗ್ಲಿಷ್ ಮಾತಿನ ಮೊದಲ ಕಿಂಡರ್‌ಗಾರ್ಟನ್ ತೆರೆದಳು. ತನ್ನ ಕ್ರಮ ತೃಪ್ತಿ ಕೊಡದಿದ್ದಾಗ 1867ರಲ್ಲಿ ಜರ್ಮನಿಗೇ ಹೋಗಿ ಕಲಿತು ಬಂದು, ಉಳಿದ ಆಯುಷ್ಯವನ್ನೆಲ್ಲ ಇದರ ಪ್ರಚಾರಕ್ಕೆ ಮುಡಿಪಿಟ್ಟಳು. 1873ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಸೂಸನ್ ಬ್ಲೋ ಸರ್ಕಾರಿ ಶಾಲೆಯೊಳಗೇ ಕಿಂಡರ್‌ಗಾರ್ಟನ್ ಆರಂಭಿಸಿದಳು.

ಈ ನಡುವೆ ಕಾರ್ಲ್ ಶೂರ್ಜ್ ದೊಡ್ಡವನಾಗುತ್ತ ಹೋದ. ಲಿಂಕನ್ನನ ಗೆಲುವಿಗಾಗಿ ದುಡಿದ, ಸ್ಪೇನಿಗೆ ರಾಯಭಾರಿಯಾದ, ಅಂತರ್ಯುದ್ಧದಲ್ಲಿ ಸೇನಾನಿಯಾದ, 1869ರಲ್ಲಿ ಸೆನೆಟ್ ಸದಸ್ಯನಾದ. ಮಾರ್ಗರೆಟೆಯ ಬದುಕು ಬೇರೆಯೇ ಬಗೆಯದು. ಕಾಯಿಲೆ, ಹವೆ ಬದಲಾಯಿಸಲು ಮತ್ತೆ ಮತ್ತೆ ಯೂರೋಪಿನ ಪ್ರಯಾಣ, ಅಗಲಿಕೆ. ಎಮ್ಮಾ ಎಂಬ ಮಗಳು 1867ರಲ್ಲಿ ಎಳವೆಯಲ್ಲೇ ತೀರಿದಳು. ಊರೂರಿನಿಂದ ಪತಿ ಬರೆದ ಕಾಗದಗಳನ್ನು ಮುಂದೆ ಪುಸ್ತಕವಾಗಿ ಅಚ್ಚು ಹಾಕಿದರು. ಆ ಕಾಗದಗಳಿಗಾಗಿ ಕಾದು ಕುಳಿತ ದಿನಗಳ ಲೆಕ್ಕ ಯಾವ ಪುಸ್ತಕದಲ್ಲಿದೆ?

1876ರ ಮಾರ್ಚಿಯಲ್ಲಿ ನ್ಯೂಯಾರ್ಕಿನಲ್ಲಿ ಆಕೆ ಹರ್ಬರ್ಟ್ ಎಂಬ ಗಂಡುಮಗುವನ್ನು ಹೆತ್ತಳು. ಕೆಲವೇ ದಿನಗಳಲ್ಲಿ, ಮಾರ್ಚಿ 15ರಂದು, ತನ್ನ ತಾಯಿಯ ಹಾಗೆಯೇ ತೀರಿಕೊಂಡಳು. ವಯಸ್ಸು ನಲವತ್ತೆರಡು. ಮಗು ಉಳಿಯಿತು.

ಅದೇ ವರ್ಷ ಮೇ ತಿಂಗಳಲ್ಲಿ, ಆಗಾಥೆ ಹುಟ್ಟಿದ ಫಿಲಡೆಲ್ಫಿಯ ನಗರದಲ್ಲಿ, ಅಮೆರಿಕದ ಸ್ವಾತಂತ್ರ್ಯದ ಶತಮಾನೋತ್ಸವದ ಮಹಾಪ್ರದರ್ಶನ ಆರಂಭವಾಯಿತು. ಅಲ್ಲಿ ರೂತ್ ಬರಿಟ್ ಎಂಬ ಉಪಾಧ್ಯಾಯಿನಿ ನೋಡುವವರ ಎದುರಿಗೇ ಒಂದು ಕಿಂಡರ್‌ಗಾರ್ಟನ್ ನಡೆಸಿ ತೋರಿಸಿದಳು. ದೇಶದ ಮೂಲೆಮೂಲೆಗಳಿಂದ ಬಂದ ತಾಯಂದಿರು ಸುತ್ತ ನಿಂತು, ಚಿಕ್ಕ ಮಕ್ಕಳು ಮರದ ತುಂಡುಗಳನ್ನು ಬಿಚ್ಚಿ ಕೂಡಿಸುವುದನ್ನು ನೋಡುತ್ತಿದ್ದರು.