ಆಳ್ವಿಕೆ ಬದಲಾದಾಗ ನೆರೆಹೊರೆ: ರಾಯದುರ್ಗ–ಮಡಕಶಿರಾ ಸೀಮೆಯ ಇತಿಹಾಸದಿಂದ ಕೆಲವು ಪಾಠಗಳು

ದೂರದ ದೇಶವೊಂದರಲ್ಲಿ ಹೊಸ ಅಧ್ಯಕ್ಷರು ಅಧಿಕಾರ ವಹಿಸಿಕೊಂಡರೆ ಆ ದೇಶದ ವಿದೇಶಾಂಗ ನೀತಿ ಯಾವ ಕಡೆಗೆ ತಿರುಗೀತು ಎಂಬ ಚರ್ಚೆ ಪತ್ರಿಕೆಗಳಲ್ಲಿ ವಾರಗಟ್ಟಲೆ ನಡೆಯುತ್ತದೆ. 1969ರಲ್ಲಿ ಅಮೆರಿಕದ ಅಧ್ಯಕ್ಷರಾದ ನಿಕ್ಸನ್ ಅವರು ಎರಡು ದಶಕಗಳ ಹಗೆತನವನ್ನು ಬದಿಗಿಟ್ಟು 1972ರಲ್ಲಿ ಚೀನಾಕ್ಕೆ ಭೇಟಿಯಿತ್ತದ್ದನ್ನು ನಾವು ತರಗತಿಯಲ್ಲಿ ಬೋಧಿಸುತ್ತೇವೆ. ಆದರೆ ಆಳುವವರು ಬದಲಾದಾಗ ನೆರೆಯವರೊಡನೆ ನಡೆದುಕೊಳ್ಳುವ ರೀತಿಯೂ ಬದಲಾಗುತ್ತದೆ ಎಂಬ ಪಾಠವನ್ನು ಕಲಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ರಾಯದುರ್ಗದ ಬೆಟ್ಟವೂ ಮಡಕಶಿರಾ ಸೀಮೆಯ ಗಡಿಕಲ್ಲುಗಳೂ ಅದನ್ನೇ ಹೇಳುತ್ತಿವೆ. ನಮ್ಮ ಶಾಲೆ ನೂರು ವರ್ಷ ಪೂರೈಸಿರುವ ಈ ಸಂದರ್ಭದಲ್ಲಿ ಆ ಪಾಠವನ್ನು ಒಮ್ಮೆ ಹಿಂತಿರುಗಿ ಓದುವುದು ಉಚಿತವೆಂದು ಭಾವಿಸುತ್ತೇವೆ.

ಇದು ಮೊದಲಿನಿಂದಲೂ ಎರಡು ಶಕ್ತಿಗಳ ನಡುವಿನ ಸೀಮೆ. ಇಂದಿನ ಅಮರಾಪುರಂ ಮಂಡಲದ ಹೇಮಾವತಿ, ಅಂದಿನ ಹೆಂಜೇರು, ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿನ ದೇಗುಲಗಳೂ ಕನ್ನಡ ಶಾಸನಗಳೂ ಅವರ ವೈಭವಕ್ಕೆ ಸಾಕ್ಷಿ. ಗಂಗರು, ರಾಷ್ಟ್ರಕೂಟರಂಥ ಬಲಿಷ್ಠರ ನಡುವೆ ನೊಳಂಬರು ತಮ್ಮ ರಾಜ್ಯವನ್ನು ಕಾಪಾಡಿಕೊಂಡಿದ್ದರು. ಹತ್ತನೆಯ ಶತಮಾನದಲ್ಲಿ ಗಂಗರ ಮಾರಸಿಂಹನು ‘ನೊಳಂಬಕುಲಾಂತಕ’ ಎಂಬ ಬಿರುದು ಧರಿಸಿದನೆಂದರೆ ನೆರೆಯ ಸಿಂಹಾಸನದ ಮೇಲೆ ಯಾರು ಕುಳಿತಿದ್ದಾರೆ ಎಂಬುದು ಇಲ್ಲಿಯ ಜನರಿಗೆ ಎಷ್ಟು ಮುಖ್ಯವಾಗಿತ್ತೆಂದು ತಿಳಿಯುತ್ತದೆ.

ಹದಿನೆಂಟನೆಯ ಶತಮಾನದ ರಾಯದುರ್ಗದ ಕಥೆ ಇನ್ನಷ್ಟು ಸ್ಪಷ್ಟವಾಗಿದೆ. ಇಲ್ಲಿಯ ಪಾಳೆಯಗಾರರು ಹೈದರಾಲಿಯೊಡನೆ ಸ್ನೇಹದಿಂದಿದ್ದರು. ಹೊಸದಾಗಿ ರಾಜ್ಯ ಕಟ್ಟುತ್ತಿದ್ದ ಹೈದರನಿಗೆ ಉತ್ತರದ ಗಡಿಯಲ್ಲಿ ನಂಬಿಕೆಯ ಕೋಟೆಗಳು ಬೇಕಾಗಿದ್ದವು. 1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡು ಟಿಪ್ಪು ಪಟ್ಟಕ್ಕೆ ಬಂದಾಗ ಪರಿಸ್ಥಿತಿಯೇ ಬೇರೆಯಾಗಿತ್ತು. ಪೇಶ್ವೆಯೂ ನಿಜಾಮನೂ ಅವನ ವಿರುದ್ಧ ಒಂದಾಗಿದ್ದರು. 1786ರಲ್ಲಿ ಅವನು ನಿಜಾಮನ ಮನೆತನದವರ ವಶದಲ್ಲಿದ್ದ ಆದೋನಿಯನ್ನು ಮುತ್ತಿದನು. ಇಂಥ ಯುದ್ಧದ ದಾರಿಯಲ್ಲಿರುವ ಪಾಳೆಯಗಾರನು ತಂದೆಯ ಕಣ್ಣಿಗೆ ಮಿತ್ರನಾಗಿ ಕಂಡಿದ್ದರೆ ಮಗನ ಕಣ್ಣಿಗೆ ಶಂಕಿತನಾಗಿ ಕಂಡದ್ದು ಆಶ್ಚರ್ಯವಲ್ಲ. ಟಿಪ್ಪು ರಾಯದುರ್ಗದ ಮೇಲೆ ದಂಡೆತ್ತಿ ಬಂದು ಪಾಳೆಯಗಾರನನ್ನು ಬೆಂಗಳೂರಿನಲ್ಲಿ ಸೆರೆಯಲ್ಲಿಟ್ಟನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದೇ ಮನೆತನದವನೊಬ್ಬನು ಕೋಟೆಯನ್ನು ಮತ್ತೆ ಹಿಡಿದನು. ದಂಗೆಗೆ ಪ್ರಚೋದಿಸುತ್ತಿದ್ದಾನೆಂದು ನಿಜಾಮನ ಅಧಿಕಾರಿಗಳು ಅವನನ್ನು ಹೈದರಾಬಾದಿಗೆ ಕಳುಹಿಸಿದರು. ಮರುವರ್ಷ ಸೀಮೆ ಕಂಪನಿಯ ಕೈಸೇರಿದಾಗ ಅವನನ್ನು ಗುತ್ತಿಗೆ ವರ್ಗಾಯಿಸಿ ಅಲ್ಲಿಯೇ ನಿರ್ಬಂಧದಲ್ಲಿಡಲಾಯಿತು. ಹೀಗೆ ಕೆಲವೇ ವರ್ಷಗಳಲ್ಲಿ ಒಂದು ಕೋಟೆ, ಒಂದು ಮನೆತನ ಮೂರು ಆಳ್ವಿಕೆಗಳ ಮೂರು ನೀತಿಗಳನ್ನು ಕಂಡವು. ಬೆಟ್ಟವಂತೂ ಇದ್ದಲ್ಲೇ ಇತ್ತು.

1800ರ ಅಕ್ಟೋಬರ್ 12ರ ಒಪ್ಪಂದದಂತೆ ನಿಜಾಮನು 1792 ಮತ್ತು 1799ರಲ್ಲಿ ತನಗೆ ದೊರೆತ ಪ್ರದೇಶಗಳನ್ನು ಸೈನ್ಯದ ವೆಚ್ಚಕ್ಕಾಗಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ‘ದತ್ತ ಮಂಡಲ’ ಎಂಬ ಹೆಸರು ಬಂದದ್ದು ಆಗಲೇ. ಪ್ರಧಾನ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು ಪಾಳೆಯಗಾರರ ಬಲವನ್ನು ಕುಗ್ಗಿಸಿ, ರೈತರೊಡನೆ ನೇರವಾಗಿ ಕಂದಾಯ ನಿಗದಿಮಾಡುವ ವ್ಯವಸ್ಥೆಗೆ ತಳಹದಿ ಹಾಕಿದರು. ಈ ಒಪ್ಪಂದಗಳು ಉಳಿಸಿಹೋದ ಗಡಿ ಮಾತ್ರ ವಿಚಿತ್ರವಾದುದು. ಪಾವಗಡವು ಮೈಸೂರಿನಲ್ಲಿ ಉಳಿದು ಸುತ್ತಲೂ ಬಹುಪಾಲು ಅನಂತಪುರದ ನೆಲದಿಂದ ಆವೃತವಾಯಿತು. ಮಡಕಶಿರಾ ಮದ್ರಾಸಿಗೆ ಸೇರಿ ಮೈಸೂರು ಸೀಮೆಯೊಳಕ್ಕೆ ಚಾಚಿಕೊಂಡಿತು. ಸಂತೆ, ನೆಂಟಸ್ತಿಕೆ, ಜಾತ್ರೆಗಳು ಅಂದಿನಿಂದ ಇಂದಿನವರೆಗೂ ಈ ಗಡಿಯನ್ನು ದಾಟುತ್ತಲೇ ಬಂದಿವೆ.

ಆಳ್ವಿಕೆಯ ಬದಲಾವಣೆ ಯಾವಾಗಲೂ ಕತ್ತಿಯ ಭಾಷೆಯಲ್ಲೇ ಮಾತಾಡುವುದಿಲ್ಲ. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ ಮೈಸೂರು 1881ರಲ್ಲಿ ಮತ್ತೆ ಒಡೆಯರ ಕೈಸೇರಿತು. ಹೊಸ ಸರ್ಕಾರವು ಕೆರೆಕಟ್ಟೆಗಳತ್ತ ಗಮನ ಹರಿಸಿದಂತೆ, ಕೆಳಹರಿವಿನ ಮದ್ರಾಸಿಗೆ ತನ್ನ ಪಾಲಿನ ನೀರಿನ ಚಿಂತೆ ಹತ್ತಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1892ರ ಫೆಬ್ರವರಿ 18ರಂದು, ಎರಡೂ ಸರ್ಕಾರಗಳ ನಡುವೆ ಒಪ್ಪಂದವಾಯಿತು. ಅದರಲ್ಲಿ ಹೆಸರಿಸಿದ ನದಿಗಳ ಮೇಲೆ ಹೊಸ ನೀರಾವರಿ ಕಾಮಗಾರಿ ಕೈಗೊಳ್ಳುವ ಮುನ್ನ ಮೈಸೂರು ಮದ್ರಾಸಿನ ಒಪ್ಪಿಗೆ ಪಡೆಯಬೇಕಾಗಿತ್ತು. ಕಾವೇರಿಯ ವಿಷಯದಲ್ಲಿ ಈ ಒಪ್ಪಂದವನ್ನು ಎಲ್ಲರೂ ಕೇಳಿದ್ದಾರೆ. ನಮ್ಮ ವೇದಾವತಿ ಅಥವಾ ಹಗರಿ, ಉತ್ತರ ಪಿನಾಕಿನಿಗಳೂ ಆ ಪಟ್ಟಿಯಲ್ಲಿವೆ ಎಂಬುದನ್ನು ತಿಳಿದವರು ಕಡಿಮೆ. ವೇದಾವತಿಗೆ ಮೇಲೆ ಹಿರಿಯೂರಿನ ಬಳಿ 1907ರಲ್ಲಿ ಪೂರ್ಣಗೊಂಡ ವಾಣಿ ವಿಲಾಸ ಸಾಗರವಿದೆ. ಕೆಳಗೆ ರಾಯದುರ್ಗ ಸೀಮೆಯಲ್ಲಿ ಸ್ವಾತಂತ್ರ್ಯಾನಂತರ ಕಟ್ಟಿದ ಭೈರವಾನಿತಿಪ್ಪ ಜಲಾಶಯವಿದೆ. ಒಂದೇ ಹೊಳೆಯ ನೀರನ್ನು ಎರಡು ಸರ್ಕಾರಗಳ ರೈತರು ಕಾಯುತ್ತಾರೆ. ದೊರೆಯ ಸ್ನೇಹ ದೊರೆಯೊಂದಿಗೇ ಮುಗಿಯುತ್ತದೆ, ಬರೆದಿಟ್ಟ ಒಪ್ಪಂದ ಅವನ ನಂತರವೂ ಬಾಳುತ್ತದೆ. ಹೈದರನ ಸ್ನೇಹಕ್ಕೂ 1892ರ ಕಾಗದಕ್ಕೂ ಇರುವ ವ್ಯತ್ಯಾಸ ಇದೇ.

ಆದರೆ ಕಾಗದದ ಮೇಲೆ ಎಳೆದ ಗೆರೆಯೂ ಕೆಲವೊಮ್ಮೆ ಎಳೆದವರು ನೆನೆಸದಷ್ಟು ದೂರ ಹೋಗುತ್ತದೆ. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ರಚಿಸಿದರು. ಮಡಕಶಿರಾ ಅನಂತಪುರಕ್ಕೆ ಸೇರಿತು, ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. ಅದು ಜಿಲ್ಲಾಡಳಿತದ ಅನುಕೂಲಕ್ಕಾಗಿ ಮಾಡಿದ ವಿಭಜನೆ. ಎಪ್ಪತ್ತೊಂದು ವರ್ಷಗಳ ಮೇಲೆ ಆಂಧ್ರ ರಾಜ್ಯ ರಚನೆಯಾಗುವಾಗ ಅದೇ ಗೆರೆ ಭಾಷೆಯ ಪ್ರಶ್ನೆಗೆ ಅಡ್ಡ ಬಂದಿತು. ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳ ಬಗ್ಗೆ ನ್ಯಾಯಮೂರ್ತಿ ವಾಂಛೂ ಅವರ ವರದಿ, ಬಳ್ಳಾರಿ ತಾಲ್ಲೂಕಿನ ಬಗ್ಗೆ ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆ ನಡೆದವು. 1953ರ ಅಕ್ಟೋಬರ್ 1ರಂದು ಬಳ್ಳಾರಿಯೂ ಇತರ ಆರು ತಾಲ್ಲೂಕುಗಳೂ ಮೈಸೂರಿಗೆ ಸೇರಿದವು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದವು. ಮಡಕಶಿರಾ ಬಳ್ಳಾರಿ ಜಿಲ್ಲೆಯಲ್ಲಿರಲಿಲ್ಲವಾದ್ದರಿಂದ ಆ ಹಂಚಿಕೆಯ ಲೆಕ್ಕಕ್ಕೇ ಬರಲಿಲ್ಲ.

ನಮ್ಮ ಶಾಲೆ ಮದ್ರಾಸ್ ಪ್ರಾಂತ್ಯದಲ್ಲಿ ಹುಟ್ಟಿ, 1953ರಲ್ಲಿ ಆಂಧ್ರ ರಾಜ್ಯದ್ದಾಗಿ, 1956ರಲ್ಲಿ ಆಂಧ್ರಪ್ರದೇಶದ್ದಾಯಿತು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ರಾಯದುರ್ಗ ಅನಂತಪುರದಲ್ಲಿ ಉಳಿದು, ಈ ಜೋಡಿ ಸೀಮೆಗಳು ಮತ್ತೆ ಬೇರೆಯಾದವು. ಪ್ರತಿ ಬದಲಾವಣೆಯಲ್ಲೂ ಕನ್ನಡ ಮಾಧ್ಯಮದ ಮಕ್ಕಳಿಗೆ ಎದುರಾಗುವ ಪ್ರಶ್ನೆ ಒಂದೇ: ಹೊಸ ಸರ್ಕಾರಕ್ಕೆ ನಾವು ಯಾರು?

ಇದಕ್ಕೆ ಮೊದಲ ಉತ್ತರ ಸಂವಿಧಾನದಲ್ಲಿದೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ನಮ್ಮ ಮಕ್ಕಳ ಕೈಯಲ್ಲಿರುವ ಕನ್ನಡ ಪಠ್ಯಪುಸ್ತಕಗಳನ್ನು ಆಂಧ್ರಪ್ರದೇಶ ಸರ್ಕಾರವೇ ಅಚ್ಚು ಹಾಕಿಸುತ್ತದೆ ಎಂಬುದನ್ನು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ನೆರೆಯ ಕರ್ನಾಟಕವೂ ನಮ್ಮನ್ನು ಮರೆತಿಲ್ಲ. ರಾಯದುರ್ಗ, ಮಡಕಶಿರಾ, ಆದೋನಿ, ಆಲೂರು ತಾಲ್ಲೂಕುಗಳಲ್ಲಿ ಓದಿದ ಕನ್ನಡ ಮಾತೃಭಾಷೆಯ ಮಕ್ಕಳಿಗೆ, ನಿಯಮಗಳಿಗೆ ಒಳಪಟ್ಟು, ತನ್ನ ವೃತ್ತಿಶಿಕ್ಷಣ ಪ್ರವೇಶದಲ್ಲಿ ಅರ್ಹತೆ ನೀಡಿದೆ. 2010ರಲ್ಲಿ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕಾಗಿ ಕಾಯ್ದೆಯನ್ನೇ ಮಾಡಿತು.

ಆದರೂ ಸರ್ಕಾರಗಳು ಬದಲಾದಾಗ ಆತಂಕ ತಪ್ಪಿದ್ದಲ್ಲ. 2019ರಲ್ಲಿ ರಾಜ್ಯದಲ್ಲಿ ಹೊಸ ಸರ್ಕಾರ ಬಂದ ಕೆಲವು ತಿಂಗಳಲ್ಲೇ ಸರ್ಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸುವ ಆದೇಶ ಹೊರಟಿತು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ರದ್ದುಗೊಳಿಸಿತು. ಆ ಆದೇಶವನ್ನು ಸ್ವಾಗತಿಸಿದ ಪೋಷಕರೂ ಇದ್ದರು, ಅವರ ಆಸೆಯನ್ನು ನಾವು ಹಗುರವಾಗಿ ಕಾಣುವಂತಿಲ್ಲ. ಮಕ್ಕಳಿಗೆ ಇಂಗ್ಲಿಷನ್ನೂ ತೆಲುಗನ್ನೂ ಚೆನ್ನಾಗಿ ಕಲಿಸುವುದು ನಮ್ಮ ಹೊಣೆಯೇ. ಆದರೆ ಅರ್ಥಮಾಡಿಕೊಳ್ಳುವ ಭಾಷೆಯನ್ನು ಕಸಿದುಕೊಂಡು ಇನ್ನೊಂದನ್ನು ಕಲಿಸಲಾಗದೆಂಬುದು ತರಗತಿಯಲ್ಲಿ ನಾವು ದಿನವೂ ಕಾಣುವ ಸತ್ಯ.

ಆಳುವವರ ಮರ್ಜಿಯನ್ನು ನೆಚ್ಚಿದ ಕೋಟೆಗೆ ಏನಾಯಿತೆಂದು ರಾಯದುರ್ಗ ತೋರಿಸಿದೆ. ನಮ್ಮ ಪಾಲಿಗೆ ಬರೆದಿಟ್ಟ ಹಕ್ಕು ಇದೆ, ಎರಡು ರಾಜ್ಯಗಳ ಸದ್ಭಾವವೂ ಇದೆ. ಆದರೆ ಮಕ್ಕಳಿಲ್ಲದ ಶಾಲೆಯನ್ನು ಯಾವ ವಿಧಿಯೂ, ಯಾವ ಸರ್ಕಾರವೂ ಉಳಿಸಲಾರದು. ಪೋಷಕರು ಮಕ್ಕಳನ್ನು ಕಳುಹಿಸಿದರೆ, ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ ಬಂದು ಅವರೊಡನೆ ಮಾತನಾಡಿದರೆ, ಶಿಕ್ಷಕರಾದ ನಾವು ನಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದರೆ, ಮುಂದಿನ ನೂರು ವರ್ಷಗಳಲ್ಲಿ ಎಷ್ಟು ಆಳ್ವಿಕೆಗಳು ಬದಲಾದರೂ ಬೆಳಗಿನ ಪ್ರಾರ್ಥನೆಯ ಗಂಟೆ ಇಲ್ಲಿ ಬಾರಿಸುತ್ತಲೇ ಇರುತ್ತದೆ.