ಗದ್ದೆ ಬಡಾವಣೆಯಾದಾಗ

ಕೊಳ್ಳೇಗಾಲ, ಹನೂರುಗಳು 1956ರವರೆಗೂ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಪಕ್ಕದ ಯಳಂದೂರು ಮೈಸೂರಿನದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ದೊರೆತ ಜಹಗೀರು. ನೆರೆಯೂರುಗಳಾದರೂ ಕಾಯಿದೆಗಳು ಬೇರೆ. ಮದರಾಸು 1920ರಲ್ಲೇ ನಗರ ಯೋಜನಾ ಕಾಯಿದೆ ಮಾಡಿತ್ತು. ಏಕೀಕರಣದ ನಂತರ ಮೂರೂ ಊರುಗಳಿಗೆ ಒಂದೇ ಕಟ್ಟಳೆ ತಂದದ್ದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ: ಬಡಾವಣೆ ಮಾಡುವವರು ರಸ್ತೆ, ಉದ್ಯಾನಗಳಿಗೆ ಜಾಗ ಬಿಟ್ಟು ನಕ್ಷೆಗೆ ಒಪ್ಪಿಗೆ ಪಡೆಯಬೇಕು. ಕೃಷಿಭೂಮಿಯ ಪರಿವರ್ತನೆಗೆ 1964ರ ಭೂಕಂದಾಯ ಕಾಯಿದೆ ಜಿಲ್ಲಾಧಿಕಾರಿಯ ಅನುಮತಿಯನ್ನೂ ಕೇಳಿತು.

ಎರಡನ್ನೂ ತಪ್ಪಿಸಿ, ಹೊಲಕ್ಕೆ ಕಲ್ಲು ನೆಟ್ಟು ಮಾರಿದ್ದೇ ‘ರೆವಿನ್ಯೂ ಸೈಟು’. ಅಗ್ಗವೇನೋ ಹೌದು. ಆದರೆ ಮನೆಗಳೆದ್ದ ಮೇಲೆ ರಸ್ತೆಯನ್ನು ಅಗಲ ಮಾಡುವುದೆಲ್ಲಿಂದ? ಇಕ್ಕಟ್ಟಿನ ಓಣಿಗೆ ಅಗ್ನಿಶಾಮಕ ವಾಹನ ನುಗ್ಗದು. ಬಚ್ಚಲ ನೀರು ಪಕ್ಕದ ರೈತನ ಗದ್ದೆಗೇ ಇಳಿಯುತ್ತದೆ.