ಪೊರೆಯ ಸೋಸುವಿಕೆಯೂ ಸೆಲ್ಲಾಫೀಲ್ಡಿನ ವಿಕಿರಣಜಲವೂ

ಸೋಸುವುದೆಂದರೆ ಹೊಲಸನ್ನು ನೀಗುವುದೆಂದು ಲೋಕರೂಢಿ. ಆದರೆ ಸೋಸುವಿಕೆಯಿಂದ ಯಾವ ಪದಾರ್ಥವೂ ನಾಶ ಹೊಂದುವುದಿಲ್ಲ; ಒಂದೆಡೆಯಿದ್ದುದು ಎರಡೆಡೆಯಾಗಿ ಒಡೆಯುವುದಷ್ಟೆ. ಪರಮಾಣು ಕಾರ್ಖಾನೆಗಳಿಂದ ಹೊರಬೀಳುವ ವಿಕಿರಣಜಲದ ವಿಷಯದಲ್ಲಿ ಈ ಭೇದವನ್ನು ಗಮನಿಸದೆ ಬರೆಯುವುದುಂಟು. ಇಂಗ್ಲೆಂಡಿನ ಕಂಬ್ರಿಯಾ ತೀರದ ಸೆಲ್ಲಾಫೀಲ್ಡಿನ ಚರಿತ್ರೆಯು ಇದನ್ನು ವಿಚಾರಿಸಲು ತಕ್ಕ ನಿದರ್ಶನವಾಗಿದೆ.

ಪೊರೆಯ ಗುಣವು ವಿದ್ವಾಂಸರ ಗಮನಕ್ಕೆ ಬಂದುದು ಈಚೆಗಲ್ಲ. ೧೭೪೮ರಲ್ಲಿ ಫ್ರಾನ್ಸಿನ ನೊಲೇ ಎಂಬ ಪಾದ್ರಿಯು ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶವನ್ನು ಬಿಗಿದು ನೀರಿನಲ್ಲಿ ಮುಳುಗಿಸಲು, ನೀರು ಒಳಹೊಕ್ಕು ಪೊರೆಯು ಉಬ್ಬಿತು. ೧೮೬೧ರಲ್ಲಿ ಥಾಮಸ್ ಗ್ರಹಾಮನು ಪೊರೆಯನ್ನು ದಾಟುವ ಲವಣಾದಿಗಳನ್ನೂ ದಾಟಲಾರದ ಕಲಿಲಗಳನ್ನೂ ವಿಂಗಡಿಸಿದನು. ೧೯೦೭ರಲ್ಲಿ ಬೆಕ್‌ಹೋಲ್ಡನು ಒತ್ತಡದಿಂದ ಕಲಿಲಗಳನ್ನು ಸೋಸುವ ಕ್ರಮಕ್ಕೆ ‘ಅಲ್ಟ್ರಾಫಿಲ್ಟ್ರೇಷನ್’ ಎಂದು ಹೆಸರಿಟ್ಟನು. ೧೯೬೦ರ ಸುಮಾರಿಗೆ ಕ್ಯಾಲಿಫೋರ್ನಿಯದಲ್ಲಿ ಲೋಬ್ ಮತ್ತು ಭಾರತಸಂಜಾತರಾದ ಸೌರಿರಾಜನ್ ಇವರು ನಿರ್ಮಿಸಿದ ಪೊರೆಯು ಕರಗಿದ ಉಪ್ಪನ್ನೂ ತಡೆಯಿತು. ಕನ್ನಡದ ‘ಪೊರೆ’ ಶಬ್ದವು ನಾಮಪದವಾಗಿ ತೆಳುಚರ್ಮವನ್ನೂ ಕ್ರಿಯಾಪದವಾಗಿ ರಕ್ಷಣೆಯನ್ನೂ ಸೂಚಿಸುವುದು. ಎರಡನೆಯ ಅರ್ಥವನ್ನು ಯಂತ್ರದ ಪೊರೆಯ ಮೇಲೆ ಆರೋಪಿಸುವುದು ಅವಸರದ ಮಾತಾದೀತು.

ಸೆಲ್ಲಾಫೀಲ್ಡಿನ ದ್ರವತ್ಯಾಜ್ಯವು ೧೯೫೨ರಿಂದ ಕೊಳವೆಗಳ ಮೂಲಕ ಐರಿಷ್ ಸಮುದ್ರವನ್ನು ಸೇರುತ್ತಲಿದ್ದಿತು. ೧೯೭೦ರ ದಶಕದ ನಡುವೆ ಅದು ಪರಮಾವಧಿಯನ್ನು ಮುಟ್ಟಿ, ಪ್ಲುಟೋನಿಯಂ ಅಮೆರಿಷಿಯಂಗಳು ಕಡಲ ಕೆಸರಿನಲ್ಲಿ ನೆಲೆಗೊಂಡವು. ಇವನ್ನು ತಡೆಯುವ ಸಲುವಾಗಿಯೇ ೧೯೯೪ರಲ್ಲಿ ಒಂದು ಹೊಸ ಸ್ಥಾವರವು ಕೆಲಸಕ್ಕೆ ತೊಡಗಿತು. ಅದರ ಕ್ರಮವು ಸರಳವಾದುದು. ಕಬ್ಬಿಣವುಳ್ಳ ಆಮ್ಲಜಲಕ್ಕೆ ಕ್ಷಾರವನ್ನು ಬೆರೆಸಿದರೆ ಕಬ್ಬಿಣದ ಹೈಡ್ರಾಕ್ಸೈಡು ನಯವಾದ ಗಸಿಯಾಗಿ ಬಿಡಿಸಿಕೊಳ್ಳುವುದು. ಪ್ಲುಟೋನಿಯಂ ಮೊದಲಾದವು ಆ ಗಸಿಯನ್ನು ಹಿಡಿದುಕೊಳ್ಳುವುವು. ಗಸಿಯು ಪೊರೆಯ ರಂಧ್ರಗಳನ್ನು ದಾಟಲಾರದೆ ಗಟ್ಟಿಯಾಗುತ್ತ ಹೋಗಲು, ಅದನ್ನು ಸಿಮೆಂಟಿನೊಡನೆ ಕಲಸಿ ೫೦೦ ಲೀಟರಿನ ಪೀಪಾಯಿಗಳಲ್ಲಿ ತುಂಬುವರು. ವೈದ್ಯರು ವಸ್ತ್ರಗಾಲಿತವೆನ್ನುವ ಕ್ರಿಯೆಗೂ ಇದಕ್ಕೂ ತತ್ತ್ವದಲ್ಲಿ ಅಂತರವಿಲ್ಲ. ಬಟ್ಟೆಯ ಸೂಕ್ಷ್ಮತೆ ಮಾತ್ರ ಬೇರೆ.

ಆದರೆ ಟೆಕ್ನೀಷಿಯಂ–೯೯ ಎಂಬುದು ಈ ನೀರಿನಲ್ಲಿ ಆಮ್ಲಜನಕದೊಡನೆ ಕೂಡಿ ಋಣ ಅಯಾನಾಗಿ ಕರಗಿರುವುದು. ಅದು ಗಸಿಗೆ ಅಂಟುವುದಿಲ್ಲ. ಕಲಿಲಗಳನ್ನು ತಡೆಯುವ ಪೊರೆಗೆ ಅದು ಕಾಣಿಸುವುದೂ ಇಲ್ಲ. ೧೯೮೧ರಿಂದ ತೊಟ್ಟಿಗಳಲ್ಲಿ ಕೂಡಿಟ್ಟಿದ್ದ ತ್ಯಾಜ್ಯವನ್ನು ಹೊಸ ಸ್ಥಾವರಕ್ಕೆ ಹಾಯಿಸಿದೊಡನೆ, ಪ್ಲುಟೋನಿಯಂ ನಿಂತಿತು, ಟೆಕ್ನೀಷಿಯಂ ಕಡಲಿಗೆ ಹರಿಯಿತು. ಅದಕ್ಕೆ ಹಿಂದೆ ವರ್ಷಕ್ಕೆ ಹತ್ತು ಟೆರಾಬೆಕೆರೆಲಿಗಿಂತ ಕಡಿಮೆಯಿದ್ದ ವಿಸರ್ಜನೆಯು ೧೯೯೫ರಲ್ಲಿ ಸುಮಾರು ೧೯೦ಕ್ಕೆ ಏರಿತು. ಇದು ಅಪಘಾತವಲ್ಲ, ಅನುಮತಿಯ ಮೇರೆಯೊಳಗೆ ತಿಳಿದೇ ನಡೆದ ಕಾರ್ಯವೆಂಬುದನ್ನು ಮರೆಯಲಾಗದು. ಐರಿಷ್ ಸಮುದ್ರದ ಲಾಬ್‌ಸ್ಟರುಗಳಲ್ಲಿ ಅದು ಶೇಖರವಾಯಿತು. ಪ್ರವಾಹದೊಡನೆ ಸಾಗಿ ನಾರ್ವೆಯ ಕರಾವಳಿಯ ಪಾಚಿಯಲ್ಲಿಯೂ ಕಾಣಿಸಿತು. ಮನುಷ್ಯರಿಗೆ ತಗಲುವ ಪ್ರಮಾಣ ಅತ್ಯಲ್ಪವೆಂಬ ಸಮಾಧಾನವು ನಿಜವೇ. ಆದರೂ ತಮ್ಮದಲ್ಲದ ಕಾರ್ಖಾನೆಯ ತ್ಯಾಜ್ಯವನ್ನು ತಮ್ಮ ಕಡಲಲ್ಲಿ ಕಂಡ ಐರ್ಲೆಂಡ್, ನಾರ್ವೆಗಳ ಆಕ್ಷೇಪಣೆಗೆ ಅದು ಉತ್ತರವಾಗಲಿಲ್ಲ.

ಕರಗಿದ ಲವಣವನ್ನು ತಡೆಯುವ ಪೊರೆಯನ್ನೇ ಬಳಸಬಾರದಾಗಿತ್ತೆ ಎಂಬ ಪ್ರಶ್ನೆ ಸಹಜ. ಸೋಡಿಯಂ ನೈಟ್ರೇಟಿನಿಂದ ತುಂಬಿದ ಇಂಥ ದ್ರವದಲ್ಲಿ ಆ ಪೊರೆಗೆ ಬೇಕಾಗುವ ಒತ್ತಡ ವಿಪರೀತ. ಉಪ್ಪೆಲ್ಲವೂ ಉಳಿದು ತ್ಯಾಜ್ಯದ ರಾಶಿಯೂ ಬೆಳೆಯುವುದು. ಜಪಾನಿನ ಫುಕುಶಿಮದಲ್ಲಿ ೨೦೧೧ರಲ್ಲಿ ಸೀಸಿಯಂ ತೆಗೆದ ಬಳಿಕ ನೀರಿನ ಉಪ್ಪನ್ನು ಬೇರ್ಪಡಿಸಲು ಆ ವಿಧದ ಪೊರೆಯನ್ನು ಬಳಸಿದರು; ಅಲ್ಲಿಯೂ ಸಾಂದ್ರವಾದ ಉಳಿಕೆಗಾಗಿ ತೊಟ್ಟಿಗಳನ್ನು ಕಟ್ಟಬೇಕಾಯಿತು. ಟ್ರಿಷಿಯಮ್ಮಂತೂ ನೀರಿನ ಅಣುವಿನಲ್ಲಿಯೇ ಸೇರಿರುವುದರಿಂದ ನೀರಿನೊಡನೆ ಪೊರೆಯನ್ನು ದಾಟಿತು.

ಸೆಲ್ಲಾಫೀಲ್ಡಿನಲ್ಲಿ ಪರಿಹಾರವು ಪೊರೆಯಿಂದ ಬರದೆ ರಸಾಯನದಿಂದ ಬಂದಿತು. ಟೆಟ್ರಾಫಿನೈಲ್‌ಫಾಸ್ಫೋನಿಯಂ ಲವಣವು ಟೆಕ್ನೀಷಿಯಂ ಅನ್ನು ಕರಗದ ವಸ್ತುವನ್ನಾಗಿ ಮಾಡಿ ಗಸಿಗೆ ಸೇರಿಸುವುದು. ೨೦೦೩ರಲ್ಲಿ ಪರೀಕ್ಷಿಸಲ್ಪಟ್ಟು ೨೦೦೪ರಿಂದ ಅದು ರೂಢಿಗೆ ಬಂದಿತು. ಹಳೆಯ ಪೊರೆಯೇ ಅಲ್ಲಿಂದಾಚೆಗೆ ಆ ವಸ್ತುವನ್ನೂ ತಡೆಯಿತು. ಆದರೆ ಸಿಮೆಂಟಿನ ಕ್ಷಾರಗುಣಕ್ಕೆ ಆ ಲವಣವು ಮೆಲ್ಲನೆ ಒಡೆಯಬಹುದೆಂಬ ಶಂಕೆಯನ್ನು ಪರೀಕ್ಷಕರು ಆಗಲೇ ಎತ್ತಿದ್ದರು. ಪೀಪಾಯಿಗಳೊಳಗಿನ ಟೆಕ್ನೀಷಿಯಂ–೯೯ರ ಅರ್ಧಾಯುಷ್ಯವು ಸುಮಾರು ೨,೧೧,೦೦೦ ವರ್ಷಗಳು.